ಫ್ಯಾಮಿಲಿ ಫೋಟೋಗೆ ಬಟ್ಟೆ ಆರಿಸೋದು: ಅಜ್ಜಿ ಸೀರೆಯಿಂದ ಶುರು ಮಾಡಿ

ಫೋಟೋಗ್ರಾಫರ್ ಬುಕ್ ಆದ ತಕ್ಷಣ ಎಲ್ರಿಗೂ ಒಂದೇ ಕಲರ್ ಬಟ್ಟೆ ಆರ್ಡರ್ ಮಾಡೋಕೆ ಹೋಗ್ಬೇಡಿ. ಹತ್ತು ಜನ ಒಂದೇ ಹಳದಿ ಹಾಕ್ಕೊಂಡು ನಿಂತ್ರೆ ಬ್ಯಾಂಡ್‌ಸೆಟ್‌ನೋರ ಥರ ಕಾಣ್ತೀರ, ಸಾಲದ್ದಕ್ಕೆ ಯಾರ ತೋಳು ಎಲ್ಲಿ ಮುಗೀತು ಯಾರ ಭುಜ ಎಲ್ಲಿ ಶುರುವಾಯ್ತು ಅಂತಾನೂ ಗೊತ್ತಾಗಲ್ಲ.

ಶುರು ಮಾಡ್ಬೇಕಾಗಿರೋದು ಅಜ್ಜಿಯಿಂದ. ಯಾಕಂದ್ರೆ ಮನೇಲಿ ಮಿಕ್ಕಿದೋರೆಲ್ಲ ಹೆಂಗೋ ಅಡ್ಜಸ್ಟ್ ಆಗ್ತಾರೆ, ಅಜ್ಜಿ ಮಾತ್ರ "ನಾನು ಉಡೋದು ಇದೇ" ಅಂತ ಒಂದು ಸೀರೆ ಆಗ್ಲೇ ತೆಗೆದಿಟ್ಟಿರ್ತಾರೆ, ಅದನ್ನ ಬದಲಾಯಿಸೋದು ಯಾರ ಕೈಲೂ ಆಗಲ್ಲ. ಸರಿ, ಆ ಸೀರೇನೇ ಮಂಚದ ಮೇಲೆ ಹರಡಿ. ಇಳಕಲ್ ಸೀರೆ ಅಂದ್ಕೊಳ್ಳಿ, ಮೈ ಕಡುನೀಲಿ, ಸೆರಗು ಕೆಂಪು, ಅದ್ರಲ್ಲಿ ತೋಪು ತೆನೆ ಅನ್ನೋ ಬಿಳಿ ಡಿಸೈನ್. ಈ ಮೂರರಿಂದಾನೇ ಮಿಕ್ಕಿದೋರ ಬಣ್ಣ ತಗೊಳ್ಳಿ: ಸೊಸೆಗೆ ಮಾಸಲು ಮರೂನ್, ಮಗನಿಗೆ ಕೆನೆಬಣ್ಣದ ಜುಬ್ಬ, ಮೊಮ್ಮಗನಿಗೆ ತಿಳಿನೀಲಿ ಶರ್ಟು, ಮೊಮ್ಮಗಳಿಗೆ ಬೇಕಾದ್ರೆ ಇದ್ಯಾವ್ದೂ ಅಲ್ಲದ ಸಾಸಿವೆ ಬಣ್ಣದ ಲಂಗ. ಡಿಸೈನ್ ಇರೋದು ಒಬ್ರು ಇಬ್ರು ಸಾಕು, ಬಾಕಿಯೋರು ಪ್ಲೇನ್.

ಎಲ್ಲಾ ಬಟ್ಟೇನೂ ಪಕ್ಕಪಕ್ಕ ಇಟ್ಟು ಕಿಟಕಿ ಬೆಳಕಲ್ಲಿ ಮೊಬೈಲಿಂದ ಒಂದು ಫೋಟೋ ಹೊಡೀರಿ, ಆಮೇಲೆ ಅದನ್ನ ಬ್ಲಾಕ್ ಅಂಡ್ ವೈಟ್ ಮಾಡಿ ನೋಡಿ. ಒಂದೇ ಒಂದು ಬೆಳ್ಳಗೆ ಹೊಳೀತಿದ್ರೆ ಕಣ್ಣು ಮೊದ್ಲು ಹೋಗೋದು ಅಲ್ಲಿಗೇ, ಮುಖದ ಕಡೆ ಅಲ್ಲ.

ಸಣ್ಣ ಸಣ್ಣ ಚೆಕ್ಸು, ಒತ್ತೊತ್ತಾಗಿರೋ ಗೆರೆ ಶರ್ಟು ಬೇಡ್ವೇ ಬೇಡ. ಕ್ಯಾಮೆರಾ ಸೆನ್ಸರಲ್ಲೂ ಪಿಕ್ಸೆಲ್ ಸಾಲಾಗಿ ಕೂತಿರತ್ತಲ್ಲ, ಎರಡೂ ಸಾಲು ಒಂದ್ರ ಮೇಲೊಂದು ಬಿದ್ದು ಬಟ್ಟೆ ಮೇಲೆ ಕಾಮನಬಿಲ್ಲಿನ ಥರ ಅಲೆ ಅಲೆ ಬಂದ್ಬಿಡತ್ತೆ, ಅದನ್ನ ಎಡಿಟ್ ಮಾಡೋದು ದೊಡ್ಡ ತಲೆನೋವು. ಮೈಸೂರು ಸಿಲ್ಕ್ ಈ ವಿಷಯದಲ್ಲಿ ಸೇಫ್, ಸಾಮಾನ್ಯವಾಗಿ ಮೈ ಪ್ಲೇನ್, ಜರಿ ಅಂಚು ಅಷ್ಟೇ. ಆದ್ರೆ ಜರಿಗೆ ಫ್ಲಾಶ್ ನೇರ ಹೊಡೆದ್ರೆ ಬರೀ ಬಿಳಿ ಪಟ್ಟಿ ಕಾಣತ್ತೆ, ಸ್ಟುಡಿಯೋದಲ್ಲಿ ಮೊದ್ಲೇ ಹೇಳ್ಬಿಡಿ.

ಪಾರ್ಕಲ್ಲಿ ಶೂಟ್ ಅಂದ್ರೆ ಹಸಿರು ಉಡ್ಬೇಡಿ, ಹುಲ್ಲು ಗಿಡದೊಳಗೆ ಕಳೆದುಹೋಗ್ತೀರ. ರೇಡಿಯಂ ಗುಲಾಬಿ, ರೇಡಿಯಂ ಕಿತ್ತಳೆ ಥರದ್ದು ಬಿಸಿಲಲ್ಲಿ ಗದ್ದದ ಕೆಳಗೆಲ್ಲ ತನ್ನ ಬಣ್ಣ ಬಳಿಯತ್ತೆ, ಪಕ್ಕದಲ್ಲಿ ನಿಂತೋರನ್ನೂ ಬಿಡಲ್ಲ.

ತಾತ ಪಂಚೆ ಉಟ್ರೆ ಚೆಂದ, ಆದ್ರೆ ತೆಳು ಬಿಳಿ ಶರ್ಟಿನೊಳಗೆ ಬಿಳಿ ಬನಿಯನ್ ಗೆರೆ ಎದ್ದು ಕಾಣತ್ತೆ, ಮೈಬಣ್ಣಕ್ಕೆ ಹತ್ತಿರದ್ದು ಹಾಕ್ಸಿ. ಜೇಬಲ್ಲಿರೋ ಮೊಬೈಲು, ಪೆನ್ನು, ಡಾಕ್ಟರ್ ಚೀಟಿ ಎಲ್ಲಾ ಇಸ್ಕೊಳ್ಳಿ. ಬಿಸಿಲಿಗೆ ಕಪ್ಪಾಗೋ ಕನ್ನಡಕ ಇದ್ರೆ ಹಳೇ ಮಾಮೂಲಿ ಕನ್ನಡಕ ತಗೊಂಡ್ಹೋಗಿ, ಇಲ್ಲಾಂದ್ರೆ ಎಲ್ಲಾ ಫೋಟೋದಲ್ಲೂ ತಾತ ಕೂಲಿಂಗ್ ಗ್ಲಾಸ್‌ನಲ್ಲೇ.

ಮಕ್ಕಳ ಹೊಸ ಬಟ್ಟೆ ಹಿಂದಿನ ದಿನ ಒಂದು ಸಲ ಹಾಕಿ ನೋಡಿ, ಲೇಬಲ್ ಚುಚ್ಚತ್ತೆ ಅಂತ ಅಳೋದು ಅಲ್ಲೇ ಗೊತ್ತಾಗ್ಲಿ. ಫೋಟೋ ದಿನ ತಿಂಡಿ ಆದ್ಮೇಲೇ ಹಾಕ್ಸಿ, ಅದೇ ಬಣ್ಣದ ಇನ್ನೊಂದು ಜೊತೆ ಬ್ಯಾಗಲ್ಲಿರ್ಲಿ, ದಾರೀಲಿ ಜ್ಯೂಸ್ ಕೊಡಿಸೋ ಮಾವ ಒಬ್ರು ಎಲ್ಲಾ ಮನೇಲೂ ಇರ್ತಾರೆ.