ಗಣಿಮಣ್ಣಿನ ರಾಶಿ: ಸಸಿಗಿಂತ ಮೊದಲು ನೀರಿಗೆ ದಾರಿ

ಬಳ್ಳಾರಿ ಜಿಲ್ಲೆಯ ಸಂಡೂರು ಗುಡ್ಡಗಳಲ್ಲಿ, ಕಬ್ಬಿಣದ ಅದಿರು ತೆಗೆಯುವಾಗ ಅಗೆದು ಸುರಿದ ಗಣಿಮಣ್ಣಿನ ರಾಶಿಯ ಮೇಲೆ ಸಸಿ ನೆಡುವುದನ್ನು ಹಲವು ಬಾರಿ ಕಣ್ಣಾರೆ ಕಂಡಿದ್ದೇನೆ. ಕಡಿದಾದ ಇಳಿಜಾರಿನಲ್ಲೇ ಗುಂಡಿ ತೋಡಿ, ಗುಂಡಿಗೊಂದು ಸಸಿ ಇಟ್ಟು, ಒಂದು ಕೊಡ ನೀರು ಹಾಕಿ ಇಳಿದುಬಿಡುತ್ತಾರೆ. ಒಮ್ಮೆ ಹುಬ್ಬೆ ಮಳೆ ರಾತ್ರಿಯಿಡೀ ಹೊಡೆದ ಮರುದಿನ ಹೋಗಿ ನೋಡಿದೆ. ಕುಂಕುಮ ಕದಡಿದಂಥ ಹಳ್ಳದ ನೀರಿನಲ್ಲಿ ಸಸಿಗಳು ಅಡ್ಡಡ್ಡ ಬಿದ್ದಿದ್ದವು. ಎತ್ತಿಕೊಂಡ ಒಂದರ ಬೇರು ಇನ್ನೂ ನರ್ಸರಿ ಚೀಲದ ಆಕಾರದಲ್ಲೇ ಸುತ್ತಿಕೊಂಡಿತ್ತು. ಮಣ್ಣಿಗೆ ಒಂದೆಳೆಯೂ ಇಳಿದಿರಲಿಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಕೆಟ್ಟ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆ ಜಾರಿಗೊಳಿಸದೆ ಗಣಿ ಮತ್ತೆ ತೆರೆಯುವಂತಿಲ್ಲ ಎಂಬ ಷರತ್ತು ಬಂದದ್ದು ಆ ಪ್ರಕರಣದಲ್ಲೇ. ಕೆಲಸದ ಕ್ರಮ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಎಡವುವುದು ರಾಶಿಯ ಮೇಲೆ.

ಮೊದಲು ಬುಡ. ರಾಶಿಯ ಸುತ್ತ ಕಲ್ಲಿನ ತಡೆಗೋಡೆ, ಅದರಾಚೆ ಕಾಲುವೆ, ಕಾಲುವೆಯ ತುದಿಯಲ್ಲಿ ಹೂಳು ತಂಗುವ ಹೊಂಡ. ಗೋಡೆಯಲ್ಲಿ ನೀರು ಸೋರಲು ತೂತುಗಳಿರಲಿ.

ಎರಡನೆಯದು ಇಳಿಜಾರು. ಇಡೀ ಕೆಲಸದ ಜೀವ ಇಲ್ಲಿದೆ. ಟಿಪ್ಪರ್ ಸುರಿದ ಮಣ್ಣು ತಾನಾಗಿ ನಿಲ್ಲುವುದು ಸುಮಾರು 35ರಿಂದ 37 ಡಿಗ್ರಿಯಲ್ಲಿ. ಅದು ನಿಂತಂತೆ ಕಾಣುತ್ತದೆ, ನೆನೆದರೆ ಜಾರುತ್ತದೆ. ಅದನ್ನು 28 ಡಿಗ್ರಿಗಿಂತ ಕೆಳಕ್ಕೆ ತರಬೇಕು: ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡಳತೆ. ಎತ್ತರದ ರಾಶಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಮೆಟ್ಟಿಲಿನ ಎತ್ತರ ಆರು ಮೀಟರ್ ದಾಟುವುದು ನನಗೆ ಒಪ್ಪಿಗೆಯಿಲ್ಲ.

ಮೆಟ್ಟಿಲು ಹೊರಕ್ಕೆ ವಾಲಿದ್ದರೆ ನೀರು ಅಂಚಿನಿಂದ ಧುಮುಕಿ, ಒಂದೇ ಮಳೆಗಾಲದಲ್ಲಿ ಆಳೆತ್ತರದ ಕೊರಕಲು ತೆಗೆಯುತ್ತದೆ. ಆದ್ದರಿಂದ ಅದು ಗುಡ್ಡದ ಕಡೆಗೆ ವಾಲಬೇಕು. ಐದು ಮೀಟರ್ ಅಗಲವಿದ್ದರೆ ಒಳಬದಿ ಒಂದು ಗೇಣಿನಷ್ಟು ತಗ್ಗಿರಲಿ. ಅಲ್ಲಿ ಸೇರಿದ ನೀರು ಉದ್ದಕ್ಕೆ ಮೆಲ್ಲಗೆ ಹರಿದು ಪಕ್ಕಕ್ಕೆ ಹೋಗಬೇಕು, ನೂರು ಮೀಟರಿಗೆ ಅರ್ಧ ಮೀಟರ್ ಇಳಿತ ಸಾಕು. ಕೆಳಗಿಳಿಸುವ ಕಲ್ಲುಹಾಸಿನ ಕಾಲುವೆ ಎಂದೂ ರಾಶಿಯ ಮೇಲೆ ಬೇಡ, ಪಕ್ಕದ ಗಟ್ಟಿ ನೆಲದಲ್ಲಿರಲಿ. ಕಣ್ಣಳತೆಯನ್ನು ನಂಬಬೇಡಿ. ಹಿಟಾಚಿ ಚಾಲಕರು ಎಷ್ಟೇ ನುರಿತವರಾಗಿರಲಿ, ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ಹತ್ತು ಹೆಜ್ಜೆಗೊಮ್ಮೆ ಪರೀಕ್ಷಿಸಿ. ಇದೆಲ್ಲ ರೋಹಿಣಿ ಮಳೆಗೆ ಮೊದಲೇ ಮುಗಿಯಬೇಕು.

ಮೂರನೆಯದಾಗಿ, ಗಣಿ ತೆರೆಯುವಾಗ ತೆಗೆದಿಟ್ಟ ಮೇಲ್ಮಣ್ಣನ್ನು ಹರಡಿ. ಅದನ್ನು ಬೆಟ್ಟದಂತೆ ಪೇರಿಸಿ ವರ್ಷಗಟ್ಟಲೆ ಇಟ್ಟಿದ್ದರೆ ಒಳಗಿನ ಬೀಜ, ಜೀವಾಣು ಸತ್ತಿರುತ್ತವೆ. ಆಗ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೆರೆಸದೆ ಗತಿಯಿಲ್ಲ.

ನಂತರ ತೆಂಗಿನ ನಾರಿನ ಬಲೆ. ಮೇಲಂಚನ್ನು ಒಂದಡಿ ಆಳದ ಚರಂಡಿಯಲ್ಲಿ ಹೂತು, ಗೂಟ ಬಡಿದು, ಮಣ್ಣಿಗೆ ಅಂಟುವಂತೆ ಹಾಸಿ. ಎಲ್ಲಿ ಬಲೆ ಮೇಲೆದ್ದು ನಿಂತಿದೆಯೋ ಅಲ್ಲಿ ನೀರು ಅದರಡಿಯಲ್ಲೇ ಹರಿದು ಮಣ್ಣನ್ನು ಕೊಚ್ಚುತ್ತದೆ. ನಾರಿನ ನಡುವೆ ಪ್ಲಾಸ್ಟಿಕ್ ಎಳೆ ಸೇರಿಸಿದ ಅಗ್ಗದ ಬಲೆಯನ್ನು ಕೊಳ್ಳಲೇಬೇಡಿ. ನಾರು ಕರಗಿ ಮಣ್ಣಾಗುತ್ತದೆ, ಪ್ಲಾಸ್ಟಿಕ್ ದನಗಳ ಕಾಲಿಗೆ ತೊಡರುತ್ತದೆ.

ಈಗ ಹಸಿರು, ಆದರೆ ಮರವಲ್ಲ. ಮೊದಲ ವರ್ಷ ಹುಲ್ಲು, ತಂಗಡಿ, ಬಂದರಿಕೆ ಬೀಜ ಎರಚಿ. ಮೆಟ್ಟಿಲಿನ ಅಂಚಿಗೆ ಲಾವಂಚ ಸಾಲು ನೆಡಿ. ಆರಿದ್ರಾ ಮಳೆಯ ಹದ ಇದಕ್ಕೆ ಒಳ್ಳೆಯದು. ಮಣ್ಣು ಹಿಡಿತಕ್ಕೆ ಬಂದ ಮೇಲೆ ಕಮರ, ಹೊಂಗೆ, ಬೇವು, ದಿಂಡಿಗ. ಬೇಗ ಹಸಿರು ತೋರಿಸುವ ಆಸೆಗೆ ಬಳ್ಳಾರಿ ಜಾಲಿಯನ್ನು ತರಬೇಡಿ. ಒಮ್ಮೆ ಬೇರೂರಿದರೆ ಊರಿನ ಗೋಮಾಳವನ್ನೂ ಅದು ನುಂಗುತ್ತದೆ.

ಕೊನೆಯದು ನಿಗಾ. ಬಹುತೇಕ ಕಡೆ ಸಸಿ ಎಣಿಸಿ ವರದಿ ಬರೆಯುತ್ತಾರೆ. ನೀವು ದೊಡ್ಡ ಮಳೆಯಾದ ದಿನ ಬುಡದ ಕಾಲುವೆಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ಮೂರನೆಯ ವರ್ಷವೂ ತಳದಲ್ಲಿ ಬೆರಳಗಲ ಕೆಮ್ಮಣ್ಣು ಕೂತರೆ, ಮೇಲೆಲ್ಲೋ ಒಂದು ಮೆಟ್ಟಿಲು ಹೊರಕ್ಕೆ ವಾಲಿದೆ ಎಂದು ತಿಳಿದು, ನೀರಿನ ಪೈಪು ತೆಗೆದುಕೊಂಡು ರಾಶಿ ಹತ್ತಿ.