ಎಷ್ಟು ಪ್ರೋಟೀನ್ ತಿನ್ನುತ್ತೀರೆಂದು ಮೂತ್ರದಲ್ಲೇ ಲೆಕ್ಕ ಹಾಕುವುದು

ಮೂತ್ರಪಿಂಡ ದುರ್ಬಲಗೊಂಡವರಿಗೆ ‘ಪ್ರೋಟೀನ್ ಕಡಿಮೆ ಮಾಡಿ’ ಎಂದಷ್ಟೇ ಬರೆದು ಕಳಿಸುವುದನ್ನು ನಾನು ಬಿಟ್ಟಿದ್ದೇನೆ. ಈಗ ಎಷ್ಟು ತಿನ್ನುತ್ತಿದ್ದಾರೆಂದು ತಿಳಿಯದೆ ಎಷ್ಟು ಇಳಿಸಬೇಕೆಂದು ಹೇಳಲಾಗದು. ಕೇಳಿದರೆ ಮೊಟ್ಟೆ, ಮಾಂಸ, ಹಾಲು ನೆನಪಿಗೆ ಬರುತ್ತವೆ. ಅಕ್ಕಿ, ಗೋಧಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ದಿನಕ್ಕೆ 300 ಗ್ರಾಂ ಧಾನ್ಯ ತಿಂದರೆ ಅದರಿಂದಲೇ 20ರಿಂದ 35 ಗ್ರಾಂ ಪ್ರೋಟೀನ್ ಹೊಟ್ಟೆ ಸೇರುತ್ತದೆ.

ಅದಕ್ಕೇ ಮೊದಲು 24 ಗಂಟೆಯ ಮೂತ್ರ ತರಿಸುತ್ತೇನೆ. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ಸಮಯ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮುಂದಿನದೆಲ್ಲ, ಮರುದಿನ ಅದೇ ಹೊತ್ತಿನದೂ ಸೇರಿ, ಕ್ಯಾನಿಗೆ. ಸಂಗ್ರಹ ಪೂರ್ತಿಯಾಗಿದೆಯೇ ಎಂಬುದನ್ನು ಅದರಲ್ಲಿನ ಕ್ರಿಯಾಟಿನಿನ್ (ಸ್ನಾಯುಗಳಿಂದ ದಿನವೂ ಹೊರಬರುವ ತ್ಯಾಜ್ಯ) ಹೇಳುತ್ತದೆ: ದೇಹತೂಕದ ಪ್ರತಿ ಕೆ.ಜಿ.ಗೆ ಗಂಡಸರಲ್ಲಿ ಸುಮಾರು 20–25 ಮಿ.ಗ್ರಾಂ, ಹೆಂಗಸರಲ್ಲಿ 15–20, ವಯಸ್ಸಾದವರಲ್ಲಿ ಇನ್ನೂ ಕಡಿಮೆ. ತೀರಾ ಕಡಿಮೆ ಬಂದರೆ ಒಂದೆರಡು ಸಲದ ಮೂತ್ರ ಕ್ಯಾನಿಗೆ ಬಿದ್ದಿಲ್ಲ ಎಂದುಕೊಂಡು ಮತ್ತೆ ಮಾಡಿಸುತ್ತೇನೆ. ಪರೀಕ್ಷೆ ಇದೆಯೆಂದು ಆ ದಿನ ಮಾತ್ರ ಪಥ್ಯ ಮಾಡಿದರೆ ಇಡೀ ಶ್ರಮ ವ್ಯರ್ಥ.

ಪ್ರೋಟೀನಿನ ಸುಮಾರು 16 ಪ್ರತಿಶತ ಸಾರಜನಕ. ಅದರ ಬಹುಪಾಲು ಯೂರಿಯಾ ಆಗಿ ಮೂತ್ರಕ್ಕೆ ಇಳಿಯುತ್ತದೆ. ಮೂತ್ರದ ಯೂರಿಯಾದಲ್ಲಿರುವ ಸಾರಜನಕಕ್ಕೆ, ಮಲ, ಚರ್ಮ ಮುಂತಾದ ದಾರಿಗಳಲ್ಲಿ ಹೋಗುವ ಸಾರಜನಕವೆಂದು ದೇಹತೂಕದ ಪ್ರತಿ ಕೆ.ಜಿ.ಗೆ 0.031 ಗ್ರಾಂ ಸೇರಿಸಿ, ಮೊತ್ತವನ್ನು 6.25ರಿಂದ ಗುಣಿಸಬೇಕು. 65 ಕೆ.ಜಿ. ತೂಕದವರ ಮೂತ್ರದಲ್ಲಿ 9 ಗ್ರಾಂ ಯೂರಿಯಾ ಸಾರಜನಕ ಇದ್ದರೆ: 9 + 2 = 11; 11 × 6.25 = ಸುಮಾರು 69 ಗ್ರಾಂ. ಕೆ.ಜಿ.ಗೆ 1.06 ಗ್ರಾಂ ಆಯಿತು.

ಇಲ್ಲೇ ಒಂದು ದೊಡ್ಡ ತಪ್ಪು ನುಸುಳುತ್ತದೆ. ಕೆಲವು ಲ್ಯಾಬ್‌ಗಳು ಯೂರಿಯಾ ಸಾರಜನಕದ ಬದಲು ಯೂರಿಯಾವನ್ನೇ ವರದಿ ಮಾಡುತ್ತವೆ. ಅದನ್ನು 0.467ರಿಂದ (ಯೂರಿಯಾದಲ್ಲಿ ಸಾರಜನಕದ ಪಾಲು) ಗುಣಿಸದೆ ಸೂತ್ರಕ್ಕೆ ಹಾಕಿದರೆ ಇದೇ ವ್ಯಕ್ತಿ 133 ಗ್ರಾಂ ತಿನ್ನುತ್ತಿದ್ದಾರೆಂದು ಉತ್ತರ ಬರುತ್ತದೆ. ಜ್ವರ ಬಂದಿದ್ದಾಗ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವಾಗ, ತೂಕ ಇಳಿಯುತ್ತಿರುವಾಗ ಈ ಲೆಕ್ಕವನ್ನೇ ಮಾಡಬಾರದು; ಕರಗುತ್ತಿರುವ ಸ್ವಂತ ಸ್ನಾಯುವೂ ಯೂರಿಯಾ ಆಗಿ ಬಂದು, ತಿಂದ ಪ್ರೋಟೀನಿನಂತೆ ಕಾಣುತ್ತದೆ. ಕಾಲು ಊದಿಕೊಂಡಿದ್ದರೆ ನೀರಿನ ತೂಕ ಕಳೆದೇ ಲೆಕ್ಕ ಹಾಕುತ್ತೇನೆ.

ಇಳಿಸುವುದಾದರೂ ಏಕೆ? ಪ್ರೋಟೀನ್ ಹೆಚ್ಚಾದಾಗ ಗ್ಲೊಮೆರುಲಸ್‌ಗೆ (ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗೊಂಚಲು) ರಕ್ತ ತರುವ ಕಿರುಧಮನಿ ಹಿಗ್ಗಿ, ಒಳಗಿನ ಒತ್ತಡ ಏರುತ್ತದೆ. ನೆಫ್ರಾನ್‌ಗಳು, ಅಂದರೆ ಮೂತ್ರಪಿಂಡದ ಸೋಸುವ ಘಟಕಗಳು, ಈಗಾಗಲೇ ಕಡಿಮೆಯಾಗಿದ್ದರೆ ಉಳಿದವುಗಳ ಮೇಲೆ ಆ ಭಾರ ವರ್ಷಗಟ್ಟಲೆ ಬೀಳುತ್ತದೆ. ಮೂತ್ರಪಿಂಡ ಕಾಯಿಲೆಯ ಐದು ಹಂತಗಳಲ್ಲಿ 3ರಿಂದ 5ನೇ ಹಂತದವರಿಗೆ, ಡಯಾಲಿಸಿಸ್ ಶುರುವಾಗುವ ಮೊದಲು, ನಾನು ಇಟ್ಟುಕೊಳ್ಳುವ ಗುರಿ ದಿನಕ್ಕೆ ಕೆ.ಜಿ.ಗೆ 0.8 ಗ್ರಾಂ ಪ್ರೋಟೀನ್; 1.3 ದಾಟಲು ಬಿಡುವುದಿಲ್ಲ. 0.6ಕ್ಕೆ ಇಳಿಸುವುದು ತಿಂಗಳು ತಿಂಗಳು ಬಂದು ತೋರಿಸಿಕೊಳ್ಳುವವರಿಗೆ ಮಾತ್ರ. ಸೊರಗಿದ ವೃದ್ಧರಿಗೆ, ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಕಡಿತ ಬೇಡವೇ ಬೇಡ.

ಮೇಲಿನ ಉದಾಹರಣೆಯಲ್ಲಿ 69ರಿಂದ 52ಕ್ಕೆ (65 × 0.8), ಅಂದರೆ 17 ಗ್ರಾಂ ಇಳಿಯಬೇಕು. ಬೇಯಿಸಿದ ಕೋಳಿಮಾಂಸ 50 ಗ್ರಾಂ ಕಡಿಮೆ ಮಾಡಿದರೆ ಸುಮಾರು 15 ಗ್ರಾಂ ಹೋಯಿತು. ಹಸಿಯಾಗಿ ತೂಗಿದ್ದೋ ಬೇಯಿಸಿ ತೂಗಿದ್ದೋ ಎಂದು ಕೇಳಲೇಬೇಕು: 100 ಗ್ರಾಂ ಹಸಿ ಮಾಂಸದಲ್ಲಿ 20–22 ಗ್ರಾಂ, ನೀರು ಬಿಟ್ಟ ಮೇಲೆ 30ರ ಹತ್ತಿರ. ಕಳೆದ ಕ್ಯಾಲೊರಿಯನ್ನು ಅದೇ ಊಟದಲ್ಲಿ ಎರಡು ಟೀ ಚಮಚ ಎಣ್ಣೆಯಿಂದ ತುಂಬಿಸುತ್ತೇನೆ. ಇದನ್ನು ಮರೆತಾಗಲೇ ಹೆಚ್ಚು ಹಾನಿ. ಕೆ.ಜಿ.ಗೆ ಸುಮಾರು 30 ಕ್ಯಾಲೊರಿ ಸಿಗದಿದ್ದರೆ ದೇಹ ಸ್ನಾಯುವನ್ನು ಸುಡುತ್ತದೆ. ಸ್ನಾಯು ಕರಗಿದರೆ ರಕ್ತದ ಕ್ರಿಯಾಟಿನಿನ್ ಇಳಿಯುತ್ತದೆ, ಮೂತ್ರಪಿಂಡ ಸುಧಾರಿಸಿತೆಂದು ಮನೆಮಂದಿ ಸಂತೋಷಪಡುತ್ತಾರೆ. ಆ ಇಳಿಕೆಯನ್ನು ನಂಬದೆ ತೂಕ, ತೋಳಿನ ಸುತ್ತಳತೆ, ಕೈ ಹಿಡಿತದ ಬಲ ನೋಡುತ್ತೇನೆ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಮಾಡಿಸುತ್ತೇನೆ; ಸ್ನಾಯು ಕರಗಿದರೂ ಅದು ಕ್ರಿಯಾಟಿನಿನ್‌ನಷ್ಟು ದಾರಿ ತಪ್ಪಿಸುವುದಿಲ್ಲ.

ಡಯಾಲಿಸಿಸ್ ಶುರುವಾದರೆ ಲೆಕ್ಕ ತಿರುಗುಮುರುಗು. ಒಂದೊಂದು ಹಿಮೋಡಯಾಲಿಸಿಸ್‌ನಲ್ಲೂ 6ರಿಂದ 12 ಗ್ರಾಂ ಅಮೈನೊ ಆಮ್ಲ ಸೋರಿಹೋಗುವುದರಿಂದ ಕೆ.ಜಿ.ಗೆ 1.0–1.2 ಗ್ರಾಂ ಬೇಕು. ಹಳೆಯ ಪಥ್ಯದಲ್ಲೇ ಉಳಿದು ಬಡಕಲಾಗುವವರು ಬಹಳ. ಹಾಗಾಗಿ ಮೊದಲ ಡಯಾಲಿಸಿಸ್ ದಿನವೇ ಹಳೆಯ ಪಟ್ಟಿಯನ್ನು ಅವರ ಕೈಯಿಂದ ವಾಪಸ್ ತೆಗೆದುಕೊಂಡು ಹೊಸದನ್ನು ಕೊಡುತ್ತೇನೆ.