ಮಾವನ ಊರಿಗೆ ಮರಳುವ ಮುಂಚೆ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿದ್ದು ಹೇಗೆ: ನನ್ನ ಅನುಭವ

ನನ್ನ ಹೆಂಡತಿ ಬೆಳೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಪಿಟ್ಸ್‌ಬರ್ಗ್‌ನ ಪೂರ್ವಕ್ಕಿರುವ ಮನ್ರೋವಿಲ್‌ನಲ್ಲಿ. ಮಾವ ಎಪ್ಪತ್ತರ ದಶಕದಲ್ಲಿ ವೆಸ್ಟಿಂಗ್‌ಹೌಸ್ ಕೆಲಸಕ್ಕೆ ಅಂತ ಅಲ್ಲಿಗೆ ಬಂದವರು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಮೊದಲಿನಿಂದ ಓಡಾಡಿದವರು. ಈಗ ಅವರಿಗೆ ವಯಸ್ಸಾಗಿದೆ, ಚಳಿಗಾಲದಲ್ಲಿ ಹಿಮ ತೆಗೆಯೋದಕ್ಕೂ ಪಕ್ಕದ ಮನೆಯವರನ್ನು ಕರೆಯಬೇಕು. ಹಾಗಾಗಿ ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಬಿಟ್ಟು ಅವರ ಹತ್ತಿರ ಹೋಗೋಣ ಅಂತ ತೀರ್ಮಾನ ಮಾಡಿದೆವು. ಮಗಳು ಆಗ ಐದನೇ ಕ್ಲಾಸಿಗೆ ಹೋಗಬೇಕಿತ್ತು, ಮಗ ಕಿಂಡರ್‌ಗಾರ್ಟನ್‌ಗೆ.

ಊರು ಗೊತ್ತಾಯಿತು, ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ಯಾವುದು? ಪೆನ್ಸಿಲ್ವೇನಿಯಾದಲ್ಲಿ ಒಟ್ಟು 500 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಪಿಟ್ಸ್‌ಬರ್ಗ್ ಇರುವ ಅಲಿಗೇನಿ ಕೌಂಟಿ ಒಂದರಲ್ಲೇ 43. ಮಾವನ ಮನೆಯಿಂದ ಸ್ವಲ್ಪ ಹೊತ್ತು ಡ್ರೈವ್ ಮಾಡಿದರೆ ಗೇಟ್‌ವೇ, ಪ್ಲಮ್, ಪೆನ್-ಟ್ರಾಫರ್ಡ್, ಫ್ರಾಂಕ್ಲಿನ್ ರೀಜನಲ್ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಒಂದೊಂದಕ್ಕೂ ಜನ ಆರಿಸಿದ ಒಂಬತ್ತು ಜನರ ಬೋರ್ಡ್, ತನ್ನದೇ ತೆರಿಗೆ, ತನ್ನದೇ ಬಸ್ಸು. ರಸ್ತೆಯ ಈ ಕಡೆ ಮನೆ ತಗೊಂಡರೆ ಒಂದು ಶಾಲೆ, ಆ ಕಡೆ ತಗೊಂಡರೆ ಇನ್ನೊಂದು. ಅಂಚೆ ವಿಳಾಸದಲ್ಲಿರೋ ಊರ ಹೆಸರನ್ನು ನಂಬಬೇಡಿ, ಅದಕ್ಕೂ ಡಿಸ್ಟ್ರಿಕ್ಟ್‌ಗೂ ಸಂಬಂಧ ಇರಲೇಬೇಕು ಅಂತಿಲ್ಲ. ಅಲಿಗೇನಿ ಕೌಂಟಿಯ ಆಸ್ತಿ ದಾಖಲೆಯ ಸೈಟಿನಲ್ಲಿ ಮನೆ ನಂಬರ್ ಹಾಕಿದರೆ ಡಿಸ್ಟ್ರಿಕ್ಟ್ ಯಾವುದು ಅಂತ ಬರುತ್ತದೆ, ನಾವು ಇಷ್ಟಪಟ್ಟ ಪ್ರತಿ ಮನೆಗೂ ಮೊದಲು ಅದನ್ನೇ ನೋಡಿದ್ದು.

ದೇವಸ್ಥಾನದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ರೇಟಿಂಗ್ ನೋಡಿ, ಒಂಬತ್ತು ಹತ್ತು ಇರೋ ಕಡೆ ಹೋಗಿ." ಶಾಲೆಗಳಿಗೆ ರೇಟಿಂಗ್ ಕೊಡುವ ಸೈಟ್‌ಗಳಿವೆ: ಗ್ರೇಟ್‌ಸ್ಕೂಲ್ಸ್‌ನ ಹತ್ತಕ್ಕೆ ಇಷ್ಟು ಅನ್ನೋ ಅಂಕ, ನಿಚ್‌ನ ಎ ಪ್ಲಸ್, ಬಿ ಪ್ಲಸ್, ಮನೆ ಮಾರೋ ಸೈಟ್‌ಗಳಲ್ಲೂ ಮನೆ ಫೋಟೋದ ಕೆಳಗೆ ಅದೇ ಅಂಕ. ಅದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಪರೀಕ್ಷೆಯ ಸರಾಸರಿ ಅಂಕ ಹೇಳೋದು ಹೆಚ್ಚಾಗಿ ಆ ಊರಲ್ಲಿ ಎಂಥ ಮನೆಗಳ ಮಕ್ಕಳಿದ್ದಾರೆ ಅನ್ನೋದನ್ನು. ಅಪ್ಪ ಅಮ್ಮ ಇಬ್ಬರೂ ಎಂಜಿನಿಯರೋ ಡಾಕ್ಟರೋ ಆಗಿರುವ ಕಡೆ ಮಕ್ಕಳು ಓದಲು ಕಲಿತೇ ಶಾಲೆಗೆ ಬರುತ್ತಾರೆ, ಅಲ್ವಾ? ಅದರಲ್ಲಿ ಶಾಲೆಯ ಪಾಲೆಷ್ಟು? ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಮತ್ತವರ ತಂಡ ದೇಶದ ಎಲ್ಲ ಕಡೆಯ ಅಂಕಗಳನ್ನು ಕೂಡಿಸಿ ತೋರಿಸಿದ್ದೂ ಇದನ್ನೇ. ಸರಾಸರಿ ಅಂಕಕ್ಕೂ ಮನೆಯ ಆದಾಯಕ್ಕೂ ಬಲವಾದ ನಂಟಿದೆ, ಆದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಕಲಿಯುತ್ತಾರೆ ಅನ್ನೋದಕ್ಕೂ ಆದಾಯಕ್ಕೂ ಅಷ್ಟು ನಂಟಿಲ್ಲ.

ಹಾಗಾಗಿ ನಾನು ಹುಡುಕಿದ್ದು ಬೆಳವಣಿಗೆಯನ್ನು. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ ಒಳ್ಳೆ ವ್ಯವಸ್ಥೆ ಇದೆ, ಹೆಸರು ಪಿವಾಸ್. ಮೂರರಿಂದ ಎಂಟನೇ ಕ್ಲಾಸಿನವರೆಗೆ ಮಕ್ಕಳು ಪಿಎಸ್‌ಎಸ್‌ಎ ಅನ್ನೋ ರಾಜ್ಯದ ಪರೀಕ್ಷೆ ಬರೆಯುತ್ತಾರೆ. ಒಂದು ಗುಂಪಿನ ಮಕ್ಕಳು ಹಿಂದೆ ಪಡೆದ ಅಂಕಕ್ಕೆ ತಕ್ಕಂತೆ ಈ ವರ್ಷ ಮುಂದೆ ಹೋದರಾ, ನಿಂತರಾ, ಹಿಂದೆ ಬಿದ್ದರಾ ಅಂತ ಪಿವಾಸ್ ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಅಂದರೆ ನಿರೀಕ್ಷೆಗಿಂತ ಜಾಸ್ತಿ, ಹಸಿರು ಅಂದರೆ ಇರಬೇಕಾದಷ್ಟು, ಹಳದಿ ಕೆಂಪು ಅಂದರೆ ಕಮ್ಮಿ. ಎಲ್ಲರೂ ನೋಡಬಹುದು, ಲಾಗಿನ್ ಬೇಡ.

ಶಾಲೆಯ ಒಟ್ಟು ಬಣ್ಣ ನೋಡಿ ಬಿಡಬೇಡಿ. ಕ್ಲಾಸು, ವಿಷಯ ಬೇರೆ ಬೇರೆ ಮಾಡಿ ನೋಡಿ, ಒಂದೇ ವರ್ಷದ್ದಲ್ಲ, ಮೂರು ವರ್ಷದ್ದು ಒಟ್ಟಿಗೆ. ನಾವು ನೋಡಿದ ಒಂದು ಡಿಸ್ಟ್ರಿಕ್ಟ್, ರೇಟಿಂಗ್ ತುಂಬಾ ಚೆನ್ನಾಗಿತ್ತು, ಆದರೆ ಮಿಡ್ಲ್ ಸ್ಕೂಲಿನ ಒಂದು ಕ್ಲಾಸಿನಲ್ಲಿ ಗಣಿತ ಪ್ರತಿ ವರ್ಷ ಹಳದಿ ಅಥವಾ ಕೆಂಪು. ಮಕ್ಕಳು ಬದಲಾಗುತ್ತಿದ್ದಾರೆ, ಬಣ್ಣ ಬದಲಾಗುತ್ತಿಲ್ಲ. ಮಗಳು ಮುಂದಿನ ವರ್ಷ ಕೂರಬೇಕಾಗಿದ್ದೇ ಆ ಕ್ಲಾಸಿನಲ್ಲಿ. ಇನ್ನೊಂದು ಕಡೆ ರೇಟಿಂಗ್ ಸಾಧಾರಣ, ಬಡ ಮಕ್ಕಳ ಸಂಖ್ಯೆ ಜಾಸ್ತಿ, ಆದರೆ ಅದೇ ಕ್ಲಾಸಿನ ಗಣಿತ ವರ್ಷವರ್ಷವೂ ನೀಲಿ. ಎರಡನೆಯದರ ಬಗ್ಗೆ ದೇವಸ್ಥಾನದಲ್ಲಿ ಯಾರೂ ನಮಗೆ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ಅಲ್ಲಿನ ಟೀಚರ್‌ಗಳ ಪರವಾಗಿ ನನಗೆ ಬೇಜಾರಾಯಿತು, ಇಷ್ಟು ಕೆಲಸ ಮಾಡಿಯೂ ಹೆಸರಿಲ್ಲವಲ್ಲ ಅಂತ.

ರಾಜ್ಯದ್ದೇ ಫ್ಯೂಚರ್ ರೆಡಿ ಪಿಎ ಇಂಡೆಕ್ಸ್ ಅಂತ ಶಾಲೆಗಳ ಮಾಹಿತಿಯ ಇನ್ನೊಂದು ಸೈಟಿದೆ. ಅದರಲ್ಲಿ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಹೀಗೆ ಗುಂಪುಗಳ ಲೆಕ್ಕ ಬೇರೆ ಬೇರೆ ಸಿಗುತ್ತದೆ, ಒಂದು ಗುಂಪಿನಲ್ಲಿ 20ಕ್ಕಿಂತ ಕಮ್ಮಿ ಮಕ್ಕಳಿದ್ದರೆ ಮಾತ್ರ ತೋರಿಸುವುದಿಲ್ಲ. ಶಾಲೆಗೆ ಪದೇ ಪದೇ ಬಾರದ ಮಕ್ಕಳೆಷ್ಟು ಅನ್ನೋದು ಕೂಡ ಅದರಲ್ಲಿದೆ, ಅದನ್ನಂತೂ ನೋಡಲೇಬೇಕು.

ತೆರಿಗೆ ವಿಷಯ ನಮ್ಮವರು ಕೊನೆಗೆ ನೋಡುತ್ತಾರೆ, ಮೊದಲೇ ನೋಡಿ. ಇಲ್ಲಿ ಮನೆ ತೆರಿಗೆಯ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ, ಲೆಕ್ಕ ಮಿಲ್‌ನಲ್ಲಿ: ಕೌಂಟಿ ಕಟ್ಟಿದ ಬೆಲೆಯ ಪ್ರತಿ 1000 ಡಾಲರಿಗೆ 1 ಡಾಲರ್ ಅಂದರೆ 1 ಮಿಲ್. ಫ್ರಾಂಕ್ಲಿನ್ ರೀಜನಲ್, ಪೆನ್-ಟ್ರಾಫರ್ಡ್ ಇರೋದು ಪಕ್ಕದ ವೆಸ್ಟ್‌ಮೋರ್‌ಲ್ಯಾಂಡ್ ಕೌಂಟಿಯಲ್ಲಿ. ಅಲ್ಲಿನ ಮಿಲ್ ಸಂಖ್ಯೆ ನೋಡಿದರೆ ಗಾಬರಿಯಾಗುತ್ತದೆ, ಆದರೆ ಆ ಕೌಂಟಿ ಕಟ್ಟಿದ ಬೆಲೆ 1970ರ ದಶಕದ್ದು, ಈಗಿನದಕ್ಕಿಂತ ತುಂಬಾ ಕಮ್ಮಿ. ಅಲಿಗೇನಿಯದ್ದು 2012ರದ್ದು. ಎರಡು ಕೌಂಟಿಯ ಮಿಲ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ, ಒಂದೇ ಬೆಲೆಗೆ ಮಾರಾಟಕ್ಕಿರುವ ಎರಡು ಮನೆಗಳ ತೆರಿಗೆ ಬಿಲ್ ತೆಗೆದು ಡಾಲರ್‌ನಲ್ಲೇ ನೋಡಬೇಕು. ಇನ್ನೊಂದು ವಿಷಯ, ಅಲಿಗೇನಿಯಲ್ಲಿ ನೀವು ಮನೆ ಕೊಂಡ ಮೇಲೆ ಡಿಸ್ಟ್ರಿಕ್ಟೇ ಅಪೀಲು ಹೋಗಿ ನಿಮ್ಮ ಮನೆಗೆ ಕಟ್ಟಿದ ಬೆಲೆ ಏರಿಸಬಹುದು. ಊರವರು ಇದನ್ನು ಹೊಸಬರ ತೆರಿಗೆ ಅಂತಲೇ ಕರೆಯುತ್ತಾರೆ. ಅಂದರೆ ಮಾರುವವರು ಈಗ ಕಟ್ಟುತ್ತಿರುವ ತೆರಿಗೆ ನಾಳೆ ನಿಮ್ಮದಾಗಿರುತ್ತದೆ ಅಂತ ಲೆಕ್ಕ ಹಾಕಬೇಡಿ. ಸಂಬಳದ ಮೇಲೂ ಊರು ಮತ್ತು ಶಾಲೆ ಸೇರಿ ಸಾಮಾನ್ಯವಾಗಿ ಶೇ. 1 ಹಿಡಿಯುತ್ತವೆ, ಪಿಟ್ಸ್‌ಬರ್ಗ್ ನಗರದೊಳಗಾದರೆ ಶೇ. 3.

ಆಮೇಲೆ ಬೋರ್ಡ್ ಮೀಟಿಂಗ್. ರಾಜ್ಯದ ಸನ್‌ಶೈನ್ ಕಾಯ್ದೆ ಪ್ರಕಾರ ಯಾರು ಬೇಕಾದರೂ ಹೋಗಿ ಕೂರಬಹುದು. ದೂರದಿಂದ ಹೋಗೋದು ಕಷ್ಟ, ನಾನು ರಾತ್ರಿ ಮಕ್ಕಳು ಮಲಗಿದ ಮೇಲೆ ಹಳೆ ಮೀಟಿಂಗ್‌ಗಳ ನಡಾವಳಿ ಓದಿದೆ, ವಿಡಿಯೋ ಸಿಕ್ಕಿದ ಕಡೆ ವಿಡಿಯೋ ನೋಡಿದೆ. ಬಜೆಟ್ ಜೂನ್ 30ರೊಳಗೆ ಪಾಸಾಗಬೇಕು, ಹಾಗಾಗಿ ಮೇ, ಜೂನ್ ತಿಂಗಳದ್ದು ಓದಿದರೆ ಸಾಕು, ಹಣ ಕಮ್ಮಿ ಬಿದ್ದಾಗ ಯಾವುದಕ್ಕೆ ಮೊದಲು ಕತ್ತರಿ ಹಾಕುತ್ತಾರೆ ಅಂತ ಗೊತ್ತಾಗುತ್ತದೆ. ಒಂದು ಕಡೆ ಮೊದಲು ಕೈ ಹಾಕಿದ್ದು ಲೈಬ್ರರಿಯನ್‌ಗಳ ಮೇಲೆ. ನಮಗೆ ಅದು ದೊಡ್ಡ ವಿಷಯ, ಪಟ್ಟಿಯಿಂದ ಆ ಡಿಸ್ಟ್ರಿಕ್ಟ್ ತೆಗೆದೆವು.

ಮಗನ ವಿಷಯಕ್ಕೆ ಬಂದರೆ, ಪೆನ್ಸಿಲ್ವೇನಿಯಾದಲ್ಲಿ ಕಿಂಡರ್‌ಗಾರ್ಟನ್ ನಡೆಸಲೇಬೇಕು ಅನ್ನೋ ಕಾನೂನಿಲ್ಲ. ನಡೆಸುವ ಕಡೆಯೂ ಪೂರ್ತಿ ದಿನವೋ ಅರ್ಧ ದಿನವೋ ಆಯಾ ಡಿಸ್ಟ್ರಿಕ್ಟಿನ ಇಷ್ಟ. ಇಬ್ಬರೂ ಕೆಲಸಕ್ಕೆ ಹೋಗುವವರಿಗೆ ಅರ್ಧ ದಿನ ಅಂದರೆ ಮಧ್ಯಾಹ್ನ ಮಗುವನ್ನು ಯಾರು ನೋಡಿಕೊಳ್ಳಬೇಕು?

ಇನ್ನೊಂದು, ನಮ್ಮಂಥವರಿಗೆ ಮುಖ್ಯವಾದದ್ದು: ಶಾಲೆಗೆ ಸೇರಿಸುವಾಗ ಮನೆಭಾಷೆಯ ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಏನು ಮಾತಾಡುತ್ತೀರಿ ಅಂತ. ಕನ್ನಡ ಅಂತ ಬರೆದರೆ ನಿಮ್ಮ ಜೊತೆ ಮಾತಾಡಿ, ಬೇಕೆನಿಸಿದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಇದಕ್ಕೆ ಹೆದರಿ ಎಷ್ಟೋ ಜನ ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ಹಾಗೆ ಮಾಡಬೇಡಿ. ನಾನು ಉಳಿದ ಎರಡು ಡಿಸ್ಟ್ರಿಕ್ಟ್‌ಗಳಿಗೂ ಫೋನ್ ಮಾಡಿ, ಮನೆಯಲ್ಲಿ ಕನ್ನಡ ಮಾತ್ರ ಆಡುವ ಐದು ವರ್ಷದ ಹುಡುಗ ಬಂದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಒಂದು ಕಡೆ ಫೋನ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಕೊನೆಗೆ ಉತ್ತರವೇ ಬರಲಿಲ್ಲ. ಇನ್ನೊಂದು ಕಡೆ ಇಂಥ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರೇ ಮಧ್ಯಾಹ್ನ ವಾಪಸ್ ಫೋನ್ ಮಾಡಿದರು. ಮಗನಿಗೆ ಯಾವ ಕಥೆ ಇಷ್ಟ, ಕನ್ನಡ ಅಕ್ಷರ ಗೊತ್ತಾ, ತಾತ ಅಜ್ಜಿ ಹತ್ತಿರ ಇರುತ್ತಾರಾ ಅಂತ ಕೇಳಿದರು. ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ಇಂಗ್ಲಿಷ್ ನಾವು ನೋಡಿಕೊಳ್ಳುತ್ತೇವೆ ಅಂತ ಅವರಾಗಿಯೇ ಹೇಳಿದರು. ಗಣಿತ ನೀಲಿಯಾಗಿದ್ದ ಡಿಸ್ಟ್ರಿಕ್ಟೇ ಅದು. ಹೆಂಡತಿಗೆ ಫೋನ್ ಕೊಟ್ಟೆ, ಅವಳು ಮಾತು ಮುಗಿಸಿ "ಇದೇ ಸಾಕು" ಅಂದಳು.

ಆದರೂ ತಕ್ಷಣ ಮನೆ ಕೊಳ್ಳಲಿಲ್ಲ, ಬಾಡಿಗೆಗೆ ಹೋದೆವು. ಬಾಡಿಗೆ ಕರಾರು, ಜನನ ಪತ್ರ, ಲಸಿಕೆ ದಾಖಲೆ, ಅದರ ಜೊತೆ ಹಳೆ ಶಾಲೆಯಲ್ಲಿ ಶಿಸ್ತಿನ ತೊಂದರೆ ಇತ್ತೋ ಇಲ್ಲವೋ ಅಂತ ನೀವೇ ಸಹಿ ಮಾಡುವ ಒಂದು ಹೇಳಿಕೆ, ಇಷ್ಟಿದ್ದರೆ ಐದು ಕೆಲಸದ ದಿನಗಳೊಳಗೆ ಮಗುವನ್ನು ಸೇರಿಸಿಕೊಳ್ಳಲೇಬೇಕು ಅನ್ನೋದು ರಾಜ್ಯದ ನಿಯಮ. ವೀಸಾ ಯಾವುದು ಅಂತ ಅವರು ಕೇಳುವ ಹಾಗಿಲ್ಲ. ಮನೆ ಕೊಂಡ ಮೇಲೆ ಹೋಮ್‌ಸ್ಟೆಡ್ ರಿಯಾಯಿತಿಗೆ (ನೀವೇ ವಾಸಿಸುವ ಮನೆಯ ತೆರಿಗೆಯಲ್ಲಿ ಸಿಗುವ ಕಡಿತ) ಮಾರ್ಚ್ 1ರೊಳಗೆ ಅರ್ಜಿ ಹಾಕಿ, ಅದು ತಾನಾಗಿ ಸಿಗುವುದಿಲ್ಲ.